ಪೀಪಾಯಿಯ ನೀಲಿ ಉರಿ

೮ ಮಾರ್ಚ್ ೧೯೪೩, ಸೋಮವಾರ

ಇವತ್ತು ಹನ್ನೊಂದು ಗಂಟೆಗೆ ಪೀಪಾಯಿಯಿಂದ ಗ್ಯಾಸು ಬರುವ ನಳದ ಬಾಯಿಗೆ ಕಡ್ಡಿ ಗೀರಿ ಹಿಡಿದೆ. ಮೊದಲು ಬರೀ ಬಿಳಿ ಹೊಗೆ. ಆಮೇಲೆ ಹಳದಿ ಉರಿಯೊಂದು ಎದ್ದು ಆರಿತು. ಇದ್ದಲಿ ಹಾಕುವ ಫಕ್ರುಸಾಬನಿಗೆ ಪಂಖಾ ಇನ್ನೂ ಜೋರಾಗಿ ತಿರುವಲು ಹೇಳಿದೆ. ಕಾಲು ಗಂಟೆ ತಿರುವಿ ಅವನ ಅಂಗಿ ತೊಯ್ದಿತು. ಎರಡನೇ ಕಡ್ಡಿಗೆ ಉರಿ ಹಿಡಿಯಿತು, ಅಂಚು ಕೆಂಪು, ನಡುವೆ ನೀಲಿ. ಮೂರನೆಯದಕ್ಕೆ ಪೂರಾ ನೀಲಿ, ಒಂದು ಗೇಣು ಉದ್ದ, ಅಲುಗಾಡದೆ ನಿಂತಿತು. ಹೊಗೆ ಇಲ್ಲ, ವಾಸನೆ ಇಲ್ಲ. ಎಂಜಿನ್ ತಿರುವಿದರೆ ನಾಲ್ಕನೇ ಸುತ್ತಿಗೇ ಹಿಡಿಯಿತು.

ಪೆಟ್ರೋಲಿನ ಕೂಪನ್ನು ಕಡಿತವಾದ ಮೇಲೆ ಸಾವಕಾರ ಕುಬೇರಪ್ಪನವರ ನಾಲ್ಕೂ ಬಸ್ಸುಗಳು ಹುಬ್ಬಳ್ಳಿಯ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದವು. ಇದ್ದಲಿಯ ಗ್ಯಾಸಿನಿಂದ ಓಡಿಸುತ್ತೇನೆ ಎಂದಾಗ ನಕ್ಕವರು ಬಹಳ ಜನ. ಎಣ್ಣೆಯ ಪೀಪಾಯಿ ಕತ್ತರಿಸಿ, ಬೆಸೆದು, ನಾರು ತುಂಬಿದ ಶೋಧಕ ಮಾಡಿ ಕೂಡಿಸಿದ್ದು ಈ ಎರಡು ಕೈ. ಸಾವಕಾರರು ಬೆನ್ನು ತಟ್ಟಿ, "ನನ್ನ ಗಾಡಿ ಕೋಳಿ ಗೂಡ ಆಗಿದ್ವು. ನೀ ಜೀವಾ ಕೊಟ್ಟಿ ನೋಡಪಾ" ಎಂದರು.

ನಮ್ಮ ಮುದುಕ, ಹೆಂಡತಿಯ ಅಪ್ಪ, ಮಾತ್ರ ಬೀಡಿ ಸೇದುತ್ತ ನಿಂತಿದ್ದ. "ಉರಿ ಛಂದ ಐತಿ. ಆದ್ರ ಮಂದಿ ಕುಂಡ್ರೂದು ಉರಿ ಮ್ಯಾಲ ಅಲ್ಲ, ಗಾಡ್ಯಾಗ. ಏರು ಹತ್ತಲಿ, ಆಮ್ಯಾಲೆ ಹೇಳ್ತೇನಿ" ಎಂದ.

ಹನ್ನೊಂದು ವರ್ಷ ಅವನ ಕೈಕೆಳಗೆ ಪಾನಾ ಹಿಡಿದು ನಟ್ಟು ಬಿಗಿದೆ. ಮಗಳನ್ನೂ ಕೊಟ್ಟ. ಮೆಚ್ಚುಗೆಯ ಒಂದು ಮಾತು ಮಾತ್ರ ಕೊಡಲಿಲ್ಲ. ಮನೆಯಲ್ಲಿ ನಾವು ಆಡುವುದು ನಮ್ಮ ಉರ್ದು ಮಾತು. ಬರೆಯಲು ನನಗೆ ಬರುವುದು ಸಾಲಿಯಲ್ಲಿ ಕಲಿತ ಕನ್ನಡ. ಹೆಂಡತಿಗೆ ಓದಲು ಬರುವುದಿಲ್ಲ. ಆದ್ದರಿಂದ ಅವಳ ಅಪ್ಪನ ಬಗ್ಗೆ ಇಲ್ಲಿ ಏನು ಬೇಕಾದರೂ ಬರೆಯಬಹುದು.

೧೧ ಮಾರ್ಚ್, ಗುರುವಾರ

ಧಾರವಾಡಕ್ಕೆ ಹೋಗಿ ಬಂತು. ಉಣಕಲ್ಲಿನ ಏರಿನಲ್ಲಿ ಮಂದಿ ಇಳಿದು ನಡೆದರು, ಅಷ್ಟೇ. ಡ್ರೈವರ್ ಕಾಸಿಮಸಾಬ, ಅಂದರೆ ನಮ್ಮ ಮುದುಕ, ಇಳಿದು ಬಂದು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ಗೆದ್ದಂತೆ.

೨೬ ಎಪ್ರಿಲ್, ಸೋಮವಾರ

ಗ್ಯಾಸಿನ ಪ್ಲಾಂಟನ್ನು, ಅಂದರೆ ಪೀಪಾಯಿಯನ್ನು, ಬಸ್ಸಿನ ಹೊರಗೆ, ಹಿಂಭಾಗಕ್ಕೆ ಕೂಡಿಸಿದ್ದೆ. ಸಾವಕಾರರಿಗೆ ಆ ಜಾಗ ಹತ್ತಿಯ ಅಂಡಿಗೆಗೆ ಬೇಕಂತೆ. "ಪೀಪಾಯಿ ಹೊರಗಿಟ್ರ ಅಂಡಿಗಿ ನನ್ನ ತಲಿ ಮ್ಯಾಲ ಇಡ್ಲೇನು? ಒಳಗ ಸರಸು. ಹಿಂದಿನ ಬೆಂಚಿನ ಬೆನ್ನಿಗೆ ಒಂದು ಹಲಗಿ ಹೊಡಿ, ಮುಗೀತು" ಎಂದರು.

ಮುದುಕ ನಡುವೆ ಬಾಯಿ ಹಾಕಿದ. "ಸಾವಕಾರ್ರ, ಬೆಂಕಿ ಒಳಗ ಬ್ಯಾಡ್ರಿ. ಮಂದಿ ಇರೂ ಜಾಗಾ."

"ಅಡಿಗಿ ಮನ್ಯಾಗೂ ಬೆಂಕಿ ಇರ್ತೈತಲ್ಲ ಕಾಸಿಮಸಾಬ."

"ಅಡಿಗಿ ಮನಿಗೆ ಬೆಳಕಿಂಡಿ ಇರ್ತೈತ್ರಿ."

ಸಾವಕಾರರು ನನ್ನ ಕಡೆ ತಿರುಗಿದರು. ನಾಲ್ಕೂ ಗಾಡಿಗೆ ಒಳಗೇ ಕೂಡಿಸಿಕೊಟ್ಟರೆ ಸ್ಟೇಶನ್ ರಸ್ತೆಯ ಶೆಡ್ಡು ನನಗೆ ಬಿಡುತ್ತಾರಂತೆ. ಹಲಗೆಯ ಮೇಲೆ ನನ್ನ ಹೆಸರು: ಗೌಸಮೊದ್ದೀನ ಗ್ಯಾಸ್ ಪ್ಲಾಂಟ್ ವರ್ಕ್ಸ್. ನಾನು ಆಗುತ್ತದೆ ಎಂದೆ. ಆಗದೆ ಏನು? ಹೊಗೆಯೇ ಇಲ್ಲದ ಉರಿ ನನ್ನದು.

೨ ಜೂನ್, ಬುಧವಾರ

ಮುದುಕನಿಗೆ ದಿನಾ ತಲೆನೋವು. ಧಾರವಾಡದಿಂದ ಬಂದವನೇ ಗೋಡೆಗೆ ಒರಗಿ ಕೂರುತ್ತಾನೆ. ಮೊನ್ನೆ ಸ್ವಂತ ಮೊಮ್ಮಗಳ ಹೆಸರು ಅವನಿಗೆ ನೆನಪಾಗಲಿಲ್ಲ. ವಯಸ್ಸು ಐವತ್ತೆಂಟು, ಒಪ್ಪಿಕೊಳ್ಳಲು ಮನಸ್ಸಿಲ್ಲ. ತಪ್ಪನ್ನು ಪ್ಲಾಂಟಿನ ಮೇಲೆ ಹಾಕುತ್ತಾನೆ.

ತಲೆನೋವು ನನಗೂ ಇದೆ. ನಾನು ಹೇಳಿಕೊಂಡು ತಿರುಗುವುದಿಲ್ಲ. ಶೆಡ್ಡಿನ ಕತ್ತಲೆಯಲ್ಲಿ ಬೆಸುಗೆ ನೋಡಿ ನೋಡಿ ಕಣ್ಣು ದಣಿದಿವೆ, ಚಸ್ಮಾ ಬದಲಿಸಬೇಕು. ಇವತ್ತು ಪಾನಾ ಕೈಯಲ್ಲಿ ಹಿಡಿದುಕೊಂಡೇ ಪಾನಾ ಎಲ್ಲಿ ಎಂದು ಫಕ್ರುಸಾಬನಿಗೆ ಬೈದೆ. ಅವನು ತೋರಿಸಿದ. ಮತ್ತೊಮ್ಮೆ ಬೈದೆ.

೧೪ ಜುಲೈ, ಬುಧವಾರ

ಮಳೆ ಹಿಡಿದಿದೆ. ಬಸ್ಸಿನ ಎರಡೂ ಕಡೆ ತಾಡಪತ್ರಿಯ ಪರದೆ ಇಳಿಸಿ ಕಟ್ಟುತ್ತಾರೆ. ಇದ್ದಲಿ ಹಸಿ. ಉರಿ ಹಳದಿಗೆ ತಿರುಗಿ ಮಸಿ ಕಾರುತ್ತದೆ. ಬಿಸಿಲು ಬಿದ್ದಾಗ ಒಣಗಿಸಿ, ಜಾಲಿ ಮರದ ಇದ್ದಲಿಯನ್ನೇ ಆರಿಸಿ ಹಾಕಿದ ಮೇಲೆ ನೀಲಿಗೆ ಬಂತು.

ತೊಂದರೆ ಪೀಪಾಯಿಯ ಮುಚ್ಚಳದ್ದು. ಗ್ಯಾಸು ಸೋರದಂತೆ ಅದರ ಅಂಚಿಗೆ ಹಾಕಿದ್ದ ಕಲ್ನಾರಿನ ಹಗ್ಗ ಸುಟ್ಟು ಪುಡಿಯಾಗಿದೆ. ಹೊಸದು ಯುದ್ಧದಿಂದಾಗಿ ಎಲ್ಲೂ ಇಲ್ಲ, ಮುಂಬಯಿಯಿಂದ ತರಿಸಬೇಕು. ಸಾವಕಾರರು, "ಮಣ್ಣ ಮೆತ್ತು" ಎಂದರು. ಎರೆಮಣ್ಣು ಕಲಸಿ ಮೆತ್ತಿದೆ. ಗಾಡಿ ಓಡುವಾಗ ಎಂಜಿನ್ನೇ ಗ್ಯಾಸನ್ನು ಎಳೆದುಕೊಳ್ಳುತ್ತದೆ, ಹೊರಗೆ ಬರುವುದಿಲ್ಲ. ನಿಂತಾಗ ಮಣ್ಣಿನ ಬಿರುಕಿನಲ್ಲಿ ಒಂದಿಷ್ಟು ಸೋರುತ್ತದೆ. ಕಡ್ಡಿ ಹಿಡಿದರೆ ಬಿರುಕಿನುದ್ದಕ್ಕೂ ಸಣ್ಣ ನೀಲಿ ಉರಿ ಓಡುತ್ತದೆ. ನೋಡಲು ಚೆನ್ನಾಗಿದೆ.

ನವಲೂರಿನಿಂದ ಪೇರಲ ಹಣ್ಣು ಮಾರಲು ಬರುವ ಮುರಿಗೆವ್ವ ಯಾವಾಗಲೂ ಹಿಂದಿನ ಬೆಂಚೇ ಬೇಕು ಎನ್ನುತ್ತಾಳೆ. "ನಿನ್ನ ಪೀಪಾಯಿ ಬಾಜೂಕ ಕುಂತ್ರ ಒಲಿ ಮುಂದ ಕುಂತಂಗ ಆಗ್ತೈತಿ ಮಿಸ್ತ್ರಿ. ನಿದ್ದಿನೂ ಛಲೋ ಬರ್ತೈತಿ" ಎಂದಳು. ಮುದುಕನಿಗೆ ಕೇಳಿಸಲಿ ಎಂದು ನಾನು ಜೋರಾಗಿ ನಕ್ಕೆ.

೫ ಆಗಸ್ಟ್, ಗುರುವಾರ

ಮುದುಕ ಮನೆಗೆ ಬಂದಿದ್ದ. ಮುಚ್ಚಳ ಸರಿಯಾಗುವವರೆಗೆ ಗಾಡಿ ಬಿಡಬೇಡಿ ಎಂದು ಸಾವಕಾರರಿಗೆ ನಾನು ಹೇಳಬೇಕಂತೆ. "ನನ್ನ ಮಾತು ಅವ್ರು ಕೇಳೂದಿಲ್ಲ. ನಿನ್ನ ಮಾತು ಕೇಳ್ತಾರ" ಎಂದ. ಹೆಂಡತಿ ಮೈಮುನಾ ಬಾಗಿಲಲ್ಲಿ ನಿಂತಿದ್ದಳು.

"ಗಾಡಿ ಓಡಸಾಕ ಆಗವಲ್ದಾದ್ರ ಬಿಟ್ಟುಬಿಡ್ರಿ ಉಸ್ತಾದ. ಬ್ಯಾರೆ ಡ್ರೈವರ್ ಸಿಗ್ತಾರ" ಎಂದೆ.

ಅವನು ಚಹಾ ಕುಡಿಯದೆ ಎದ್ದು ಹೋದ. ನನಗೆ ಇವತ್ತೂ ತಲೆನೋವು.

೭ ಸೆಪ್ಟೆಂಬರ್, ಮಂಗಳವಾರ

ಮಧ್ಯಾಹ್ನದ ಬಸ್ಸು ಧಾರವಾಡ ಮುಟ್ಟಲಿಲ್ಲ. ರಾಯಾಪುರ ದಾಟಿದ ಮೇಲೆ ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯುತ್ತಿತ್ತಂತೆ. ಎಂಜಿನ್ ಬಂದ್ ಮಾಡಿ ಮುಕ್ಕಾಲು ಗಂಟೆ ಕಾದರು. ಪ್ಲಾಂಟಿನ ಬೆಂಕಿ ಒಳಗೆ ಉರಿಯುತ್ತಲೇ ಇತ್ತು. ಮಂದಿಯೆಲ್ಲ ಇಳಿದು ಮರದ ಕೆಳಗೆ ನಿಂತರು. ಫಕ್ರುಸಾಬ ನೀರಿನ ಆಳ ನೋಡಲು ಹೋದ. ಪರದೆ ಕಟ್ಟಿದ ಬಸ್ಸಿನೊಳಗೆ ಉಳಿದವರು ಇಬ್ಬರೇ: ಹಿಂದಿನ ಬೆಂಚಿನಲ್ಲಿ ನಿದ್ದೆ ಹೋದ ಮುರಿಗೆವ್ವ, ರಮಜಾನಿನ ಉಪವಾಸ, ರೋಜಾ, ಹಿಡಿದು ದಣಿದು ಅವಳ ಮುಂದಿನ ಬೆಂಚಿಗೆ ಒರಗಿದ್ದ ಕಾಸಿಮಸಾಬ.

ನೀರು ಇಳಿದ ಮೇಲೆ ಡ್ರೈವರನನ್ನು ಎಬ್ಬಿಸಿದರು, ಮುರಿಗೆವ್ವನನ್ನು ಮಲಗಲು ಬಿಟ್ಟರು. ಕಾಸಿಮಸಾಬ ತೂರಾಡುತ್ತ ಹೋಗಿ ಗಾಡಿ ಬಿಟ್ಟ. ಅರ್ಧ ಮೈಲು ಹೋಗಿಲ್ಲ, ಸತ್ತೂರಿನ ಈಚೆ ಬಸ್ಸು ರಸ್ತೆ ಬಿಟ್ಟು ಗುಂಡಿಗೆ ಇಳಿಯಿತು. ನಾಲ್ಕು ಮಂದಿಗೆ ಗಾಯ. ಕಾಸಿಮಸಾಬನ ಪಕ್ಕೆಲುಬು ಮುರಿದಿದೆ, ಪೋಲೀಸರ ಕಾವಲಿನಲ್ಲಿ ಆಸ್ಪತ್ರೆಯಲ್ಲಿದ್ದಾನೆ.

ಮುರಿಗೆವ್ವ ಸತ್ತಿದ್ದಾಳೆ. ನಾನು ಹೋಗಿ ನೋಡಿದೆ. ಮೈಮೇಲೆ ಒಂದು ಗೀರು ಇಲ್ಲ. ಖಾಲಿ ಬುಟ್ಟಿ ತೊಡೆಯ ಮೇಲೆ ಹಾಗೇ ಇತ್ತು. ಕೆನ್ನೆ ಕೆಂಪಗಿತ್ತು. ಅರವತ್ತರ ಹೆಂಗಸಿನ ಕೆನ್ನೆ ಸತ್ತ ಮೇಲೆ ಹಾಗೆ ಕೆಂಪಾಗಿದ್ದುದನ್ನು ನಾನು ಎಂದೂ ನೋಡಿಲ್ಲ.

೮ ಸೆಪ್ಟೆಂಬರ್, ಬುಧವಾರ

ಸಾವಕಾರರು ಬೆಳಿಗ್ಗೆ ಆರಕ್ಕೇ ಬಂದರು. ಅವರ ಕೈಯಲ್ಲಿ ಹೊಸ ಕಲ್ನಾರಿನ ಹಗ್ಗ. ಎರಡು ತಿಂಗಳಿಂದ ಎಲ್ಲೂ ಇಲ್ಲದ್ದು ಒಂದು ರಾತ್ರಿಯಲ್ಲಿ ಸಿಕ್ಕಿತು. "ಇನಸ್ಪೆಕ್ಟರ್ ಹತ್ತಕ್ಕ ಬರ್ತಾರ" ಎಂದರು. ಅವರ ಜೊತೆ ಗುಂಡಿಯಲ್ಲಿದ್ದ ಬಸ್ಸಿಗೆ ಹೋದೆ. ನಾನು ಮಣ್ಣು ಕೆರೆದು ತೆಗೆದು ಹಗ್ಗ ಕೂಡಿಸಿದೆ.

ಇನಸ್ಪೆಕ್ಟರು ಮುಚ್ಚಳ ನೋಡಿ, ಸರಿಯಾಗಿದೆ ಎಂದು ಬರೆದುಕೊಂಡರು. ಕೆಳಗೆ ನನ್ನ ಸಹಿ. ಡ್ರೈವರ್ ರೋಜಾ ಇದ್ದನೇ ಎಂದು ಕೇಳಿದರು. ಇದ್ದ ಎಂದೆ. ಅದು ಸುಳ್ಳಲ್ಲ.

ಡಾಕ್ಟರು ಮುರಿಗೆವ್ವನ ಎದೆ ಅಪಘಾತದ ಹೆದರಿಕೆಗೆ ನಿಂತಿತು ಎಂದು ಬರೆದಿದ್ದಾರೆ. ಅಂದರೆ ಕಾಸಿಮಸಾಬನ ಮೇಲೆ ಸಾವಿನ ಕೇಸು. ಪ್ಲಾಂಟಿನದು ತಪ್ಪಿದ್ದರೆ ಡಾಕ್ಟರೇ ಬರೆಯುತ್ತಿದ್ದರು. ನಾನೇಕೆ ಡಾಕ್ಟರಾಗಬೇಕು?

೧೦ ಸೆಪ್ಟೆಂಬರ್, ಶುಕ್ರವಾರ

ಮೈಮುನಾ ಆಸ್ಪತ್ರೆಗೆ ಹೋಗಿ ಬಂದಳು. ಬುತ್ತಿ ಕೆಳಗಿಟ್ಟು ಕೇಳಿದಳು. "ರೋಜಾ ಹಿಡಿದಿದ್ದಕ್ಕ ತಲಿ ತಿರುಗಿ ಗಾಡಿ ಕೆಡವಿದಾ ಅಂತ ಊರ ಮಂದಿ ಅನ್ನಾಕತ್ತಾರ. ನೀವ ಹೇಳಿದ್ರಂತ. ಖರೇ ಏನು?"

"ರೋಜಾ ಇದ್ದಾ ಅಂದೆ. ತಲಿ ತಿರುಗ್ತು ಅನ್ನಲಿಲ್ಲ."

"ನಲವತ್ತೈದು ವರ್ಷ ಆತು ನಮ್ಮ ಅಬ್ಬಾ ರೋಜಾ ಹಿಡೀಲಿಕ್ಕೆ ಹತ್ತಿ. ಬ್ಯಾಸಗ್ಯಾಗ ಹಿಡದು ಗೋವೆತನಕ ಗಾಡಿ ಹೊಡದಾರ."

ಅವಳು ನನಗೆ ಬೈದಿದ್ದರೆ ಒಳ್ಳೆಯದಿತ್ತು. ಸಂಜೆ ಇಫ್ತಾರಿಗೆ ನನ್ನ ಮುಂದೆ ಖರ್ಜೂರ ಇಟ್ಟು, ತಾನು ಅಡಿಗೆ ಮನೆಯಲ್ಲಿ ಕೂತು ನೀರು ಕುಡಿದಳು.

೧೬ ಸೆಪ್ಟೆಂಬರ್, ಗುರುವಾರ

ಧಾರವಾಡದಿಂದ ನೀಲಕಂಠಪ್ಪ ಎಂಬ ಮಾಸ್ತರರು ಬಂದಿದ್ದರು. ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ರಸಾಯನಶಾಸ್ತ್ರ ಕಲಿಸುತ್ತಾರೆ. ಅವತ್ತಿನ ಬಸ್ಸಿನಲ್ಲಿದ್ದವರು; ಹಣೆಗೆ ಇನ್ನೂ ಪಟ್ಟಿ ಇದೆ. ಮುಚ್ಚಳ ನೋಡಬೇಕು ಎಂದರು. ತೋರಿಸಿದೆ.

"ಇದು ಹೊಸಾದು. ಅವತ್ತು ಏನಿತ್ತು?"

"ಇದ ಇತ್ತರಿ."

ಅವರು ನನ್ನ ಮುಖ ನೋಡಿದರು. ಬೈಯಲಿಲ್ಲ. ಪಾಠ ಹೇಳುವ ದನಿಯಲ್ಲೇ ಹೇಳಿದರು. "ಹೊಗಿ ಬಂದ್ರ ಮಂದಿ ಕೆಮ್ಮತಾರ, ಪರದೆ ಎತ್ತತಾರ, ಉಳೀತಾರ. ಇದು ಹೊಗಿ ಇಲ್ಲದ ವಿಷ ಮಿಸ್ತ್ರಿ. ಬಣ್ಣಿಲ್ಲ, ವಾಸನಿ ಇಲ್ಲ. ರಕ್ತದಾಗ ಸೇರಿ ಉಸಿರಿನ ಜಾಗಾ ಹಿಡೀತೈತಿ. ರಕ್ತ ಇನ್ನೂ ಕೆಂಪಗ ಆಗತೈತಿ, ಮನಷ್ಯಾ ನಿದ್ದಿ ಬಂದಂಗ ಹೋಗತಾನ. ನಿಮ್ಮ ಉರಿ ನೀಲಿ ಐತಲ್ಲ, ಆ ನೀಲಿ ಅದರದ. ಎಷ್ಟು ಛಲೋ ಉರಿ, ಅಷ್ಟು ವಿಷ."

ಕೋರ್ಟಿನಲ್ಲಿ ಇದನ್ನು ಹೇಳುತ್ತಾರಂತೆ. ಮುಚ್ಚಳ ಸೋರುತ್ತಿತ್ತು ಎಂದು ನಾನು ಹೇಳಿದರೆ ಸಾಕು, ಡ್ರೈವರ್ ಬಿಡುಗಡೆಯಾಗುತ್ತಾನಂತೆ.

ಕಾಲೇಜು ಓದಿದವರಿಗೆ ಎಲ್ಲದಕ್ಕೂ ಒಂದು ಮಾತು ಇರುತ್ತದೆ. ಒಂದು ದಿನ ಇದ್ದಲಿ ಮುಟ್ಟಿದ ಕೈಯಲ್ಲ. ಆರು ತಿಂಗಳು ಆ ಗ್ಯಾಸಿನ ಪಕ್ಕದಲ್ಲೇ ನಿಂತವನು ನಾನು. ನನಗೇನಾಗಿದೆ?

೧೯ ಸೆಪ್ಟೆಂಬರ್, ರವಿವಾರ

ಮಾಸ್ತರರ ಮಾತು ಸುಳ್ಳೆಂದು ನಾನೇ ತೋರಿಸಿಕೊಳ್ಳುತ್ತೇನೆ. ಎರಡನೇ ಬಸ್ಸು ಶೆಡ್ಡಿನಲ್ಲಿದೆ, ಅದರ ಮುಚ್ಚಳಕ್ಕೆ ಇನ್ನೂ ಮಣ್ಣೇ. ಫಕ್ರುಸಾಬ ಬೆಂಕಿ ಹಿಡಿಸಿ ಕೊಟ್ಟ. ಉರಿ ನೀಲಿ. ಅವನನ್ನು ಹೊರಗೆ ಕೂರಿಸಿ, ಪರದೆ ಕಟ್ಟಿ, ಹಿಂದಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

೩ ಗಂಟೆ ೨೦. ಏನೂ ಇಲ್ಲ. ಬೆಚ್ಚಗಿದೆ.

೩-೩೫. ಏನೂ ಇಲ್ಲ. ಹಣೆಗೆ ಪಟ್ಟಿ ಬಿಗಿದಂತೆ ಇದೆ. ಅದು ದಿನಾ ಇರುವುದೇ.

೩-೪೫. ಎದೆ ಹೊಡೆದುಕೊಳ್ಳುತ್ತಿದೆ. ರೋಜಾ ಇದ್ದೇನೆ, ಅದಕ್ಕೆ. ಮಾಸ್ತರರಿಗೆ ನಾಳೆ ಹೇಳಿ ಕಳಿಸಬೇಕು.

೩-೫೦ ಏನೂ ಇಲ್ಲ. ಮುರಿಗೆವ್ವ ಹೇಳಿದ್ದು ಖರೆ, ಒಲೆಯ ಮುಂದೆ ಕೂತ ಹಾಗೆ. ಏನೂ ಇಲ್ಲ. ಯಾರ ಮೇಲೂ ಸಿಟ್ಟಿಲ್ಲ

೩ ಏನೂ ಇಲ್ಲ ಪಾನಾ ಎಲ್ಲಿ

೨೧ ಸೆಪ್ಟೆಂಬರ್, ಮಂಗಳವಾರ

ಫಕ್ರುಸಾಬ ಕರೆದನಂತೆ, ನಾನು ಓ ಎನ್ನಲಿಲ್ಲವಂತೆ. ಕಾಲು ಹಿಡಿದು ಎಳೆದು ಹೊರಗೆ ಹಾಕಿದ. ಎರಡು ದಿನ ವಾಂತಿ. ಮೇಲಿನ ಸಾಲುಗಳು ನನ್ನ ಅಕ್ಷರದಂತೆ ಕಾಣುವುದಿಲ್ಲ.

ಬಸ್ಸಿನೊಳಗೆ ನನಗೆ ಒಂದು ಕ್ಷಣವೂ ಹೆದರಿಕೆಯಾಗಿರಲಿಲ್ಲ. ಅದನ್ನು ನೆನೆದರೆ ಈಗ ಹೆದರಿಕೆಯಾಗುತ್ತದೆ.

ಮೈಮುನಾ ಗಂಜಿ ಕುಡಿಸಿದಳು. ಅವಳಿಗೆ ಎಲ್ಲ ಹೇಳಿದೆ, ಮಣ್ಣು, ಹಗ್ಗ, ಸಹಿ. ಅವಳು ಗಂಜಿಯ ಬಟ್ಟಲು ತೊಳೆದಿಟ್ಟು ಬಂದು ಇಷ್ಟೇ ಅಂದಳು: "ಕೋರ್ಟಿನ ತಾರೀಖು ಎಂದೈತಿ?"

೨೮ ಸೆಪ್ಟೆಂಬರ್, ಮಂಗಳವಾರ

ಧಾರವಾಡ ಕೋರ್ಟಿನ ಜಗಲಿಯಲ್ಲಿ ಮಾವನವರನ್ನು ಕೂರಿಸಿದ್ದರು. ಇಪ್ಪತ್ತು ದಿನಕ್ಕೆ ಅರ್ಧ ಇಳಿದಿದ್ದಾರೆ. ಹತ್ತಿರ ಕೂತು, ಮುಚ್ಚಳ ಸೋರುತ್ತಿತ್ತು ಎಂದು ಇವತ್ತು ಹೇಳುತ್ತೇನೆ ಎಂದೆ.

"ಬ್ಯಾಡ" ಎಂದರು. "ನಾ ಆಗಲೇ ವಕೀಲರ ಮುಂದ ಹೇಳೇನಿ, ನಿದ್ದಿ ಹತ್ತಿತು, ತಪ್ಪು ನಂದು ಅಂತ. ನೀ ಮಣ್ಣ ಮೆತ್ತೇನಿ ಅಂದ್ರ ನಿನ್ನೂ ಒಳಗ ಹಾಕ್ತಾರ. ನನ್ನ ಮಗಳು ಎಷ್ಟು ಮಂದೀದು ದಾರಿ ಕಾಯಬೇಕು?"

"ನಿದ್ದಿ ಅಲ್ಲರಿ ಅದು."

"ನನಗ ಗೊತ್ತೈತಿ. ಪೀಪಾಯಿ ಒಳಗ ಬಂದಾಗಿಂದ ಗೊತ್ತೈತಿ." ಉಸಿರೆಳೆದುಕೊಳ್ಳಲು ಪಕ್ಕೆ ಹಿಡಿದುಕೊಂಡರು. "ಗೊತ್ತಿದ್ದೂ ಗಾಡಿ ಹೊಡದೆ. ಆ ಹೆಣ್ಮಗಳಿಗೆ ಮುಂದ ಬಂದು ಕುಂಡ್ರು ಅಂತ ಒಂದು ಮಾತು ಅನ್ನಲಿಲ್ಲ. ಹಿಂಗಾಗಿ ತಪ್ಪು ನಂದೂ ಐತಿ."

ನಾನು ಕಟಕಟೆ ಹತ್ತಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮ್ಯಾಜಿಸ್ಟ್ರೇಟ್ ಸಾಹೇಬರು ಕಾಗದ ತಿರುವಿ ಕೇಳಿದರು. "ಇಲ್ಲಿ ಮುಚ್ಚಳ ಸರಿ ಇದೆ ಅಂತ ಇದೆ. ಈ ಸಹಿ ಯಾರದು?"

"ನಂದ ರೀ."

"ಅವತ್ತು ಸುಳ್ಳೋ, ಇವತ್ತು ಸುಳ್ಳೋ?"

"ಅವತ್ತು ಸುಳ್ಳರಿ."

"ಆರೋಪಿ ನಿಮಗೇನಾಗಬೇಕು?"

"ಮಾವ ಆಗಬೇಕರಿ."

ಸಾಹೇಬರು ತಲೆಯಾಡಿಸಿ ಏನೋ ಬರೆದುಕೊಂಡರು. ಮಾಸ್ತರರು ವಿಷದ ವಿಷಯ ಚೆನ್ನಾಗಿ ಹೇಳಿದರು. ಸೋರುವ ಮುಚ್ಚಳವನ್ನು ಕಣ್ಣಾರೆ ನೋಡಿದ್ದೀರಾ ಎಂದಾಗ ಇಲ್ಲ ಎನ್ನಬೇಕಾಯಿತು. ಫಕ್ರುಸಾಬನನ್ನು ಸಾವಕಾರರು ಹತ್ತಿ ಇಳಿಸಲು ಗದಗಿಗೆ ಕಳಿಸಿದ್ದರು. ಆರೋಪಿಯೇ ತಪ್ಪು ಒಪ್ಪಿದ ಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಆರು ತಿಂಗಳು ಸಜೆ.

ಅಬ್ಬಾ ಲಾರಿ ಹತ್ತುವಾಗ ಕಾಲು ಎತ್ತಲಾಗಲಿಲ್ಲ. ನಾನು ಕೈ ಕೊಡಲು ಹೋದೆ. ಪೋಲೀಸಿನವನು ದೂರ ಸರಿಸಿದ.

೯ ಅಕ್ಟೋಬರ್, ಶನಿವಾರ

ಈದ್ ಆಯಿತು. ಮನೆಯಲ್ಲಿ ಯಾರೂ ಹೊಸ ಬಟ್ಟೆ ಉಡಲಿಲ್ಲ. ಸಾವಕಾರರು ಕೆಲಸದಿಂದ ಬಿಡಿಸಿದ್ದಾರೆ. ಅವರ ಬಸ್ಸುಗಳು ಓಡುತ್ತಿವೆ, ಪ್ಲಾಂಟು ಒಳಗೇ ಇದೆ. ಅದನ್ನು ಹೊರಗೆ ಹಾಕಿಸಿ ಎಂದು ಮೋಟಾರು ಇಲಾಖೆಗೆ ಎರಡು ಅರ್ಜಿ ಬರೆದೆ. ಅರ್ಜಿದಾರ ಸುಳ್ಳು ಸಹಿ ಮಾಡಿದವನು ಎಂದು ಗುಮಾಸ್ತನೇ ನಕ್ಕು ಹೇಳಿದ.

ಇವತ್ತು ನಡೆದುಕೊಂಡು ನವಲೂರಿಗೆ ಹೋದೆ. ಮುರಿಗೆವ್ವನ ಮಗಳು ದಾನವ್ವ ಅಂಗಳದಲ್ಲಿ ಪೇರಲ ಆರಿಸುತ್ತಿದ್ದಳು. ನನ್ನ ವಯಸ್ಸಿನವಳೇ. ಕಟ್ಟೆಯ ಮೇಲೆ ಕೂರಲು ಹೇಳಿದಳು. ನಾನು ಯಾರು, ಏನು ಮಾಡಿದೆ ಎಂದು ಎಲ್ಲ ಹೇಳಿದೆ. ಅವಳ ಕೈ ಹಣ್ಣಿನ ಮೇಲೆ ನಿಂತಿತು.

"ಆಕಿ ತ್ರಾಸ ತಗೊಂಡ್ಲೇನು?"

"ಇಲ್ಲವ್ವಾ. ನಿದ್ದಿ ಬಂದಂಗ ಆಗ್ತೈತಿ. ನಾನೂ ಕುಂತು ನೋಡೇನಿ."

"ನೀ ಎದ್ದು ಬಂದಿ."

ಅವಳು ಮತ್ತೆ ಹಣ್ಣು ಆರಿಸತೊಡಗಿದಳು. ಒಂದು ಬುಟ್ಟಿ ತುಂಬಿದ ಮೇಲೆ ಕೇಳಿದಳು. "ಆ ಬಸ್ಸು ಇನ್ನೂ ಓಡತೈತೇನು?"

"ಓಡತೈತಿ."

"ಪೀಪಾಯಿ ಒಳಗ?"

"ಒಳಗ."

"ಮತ್ತ ಇಲ್ಲಿ ಯಾಕ ಕುಂತಿ?"

ಎದ್ದು ಬಂದೆ. ರಸ್ತೆಗೆ ಬರುವಷ್ಟರಲ್ಲಿ ಮಳೆ. ಧಾರವಾಡದ ಕಡೆಯಿಂದ ನಾಲ್ಕರ ಬಸ್ಸು ಬಂತು, ಪರದೆ ಕಟ್ಟಿತ್ತು. ಕೈ ಮಾಡಿದರೆ ಹೊಸ ಡ್ರೈವರ್ ನಿಲ್ಲಿಸುವುದಿಲ್ಲ, ಅವನಿಗೆ ನನ್ನ ಗುರುತಿದೆ. ರಸ್ತೆಯ ನಡುವೆ ನಿಂತೆ. ಬಸ್ಸು ಮಾರು ದೂರದಲ್ಲಿ ಕಿರುಗುಟ್ಟುತ್ತ ನಿಂತಿತು. ಹತ್ತಿದವನೇ ಕಿಸೆಯ ಚಾಕು ತೆಗೆದು ಹಿಂದಿನಿಂದ ಒಂದೊಂದೇ ಪರದೆಯ ಹಗ್ಗ ಕೊಯ್ದೆ. ಗಾಳಿ ಮಳೆ ಎರಡೂ ಒಳಗೆ ನುಗ್ಗಿದವು. ಹಿಂದಿನ ಬೆಂಚಿನ ಮುದುಕಿಯೊಬ್ಬಳು ಎದ್ದು ಕೂತು, ಬೆಚ್ಚಗೆ ಮಲಗಿದ್ದೆನಲ್ಲೋ ಎಂದು ಶಪಿಸಿದಳು. ಒಬ್ಬ ಕಪಾಳಕ್ಕೆ ಹೊಡೆದ. ಡ್ರೈವರ್ ಮತ್ತು ಇನ್ನಿಬ್ಬರು ಸೇರಿ ರಾಯಾಪುರದ ಹತ್ತಿರ ಕೆಸರಿಗೆ ನೂಕಿದರು. ಅಲ್ಲಿಂದ ಹುಬ್ಬಳ್ಳಿಗೆ ನಡೆದು ಬಂದೆ.

ಮೈಮುನಾ ತುಟಿಯ ಗಾಯ ಒರೆಸಿದಳು. ಬಸ್ಸು ನಾಲ್ಕಿವೆ. ನಾಳೆ ಎಂಟು ಗಂಟೆಯದರ ಪರದೆ ಕೊಯ್ಯಲು ಹೋಗಬೇಕು.